ರಣಹದ್ದಿನ ಲೆಕ್ಕ ಯಾರ ಖಾತೆಗೆ?

2025ರ ಮೇ ತಿಂಗಳಲ್ಲಿ ರಾಜ್ಯ ಸಚಿವ ಸಂಪುಟವು ರಾಮನಗರ ಜಿಲ್ಲೆಗೆ ‘ಬೆಂಗಳೂರು ದಕ್ಷಿಣ’ ಎಂದು ಮರುನಾಮಕರಣ ಮಾಡಲು ತೀರ್ಮಾನಿಸಿದಾಗ, ಜಯನಗರದ ಉದ್ಯಾನಗಳ ಕಲ್ಲುಬೆಂಚುಗಳ ಮೇಲೆ ಹಲವು ದಿನ ಅದೇ ಚರ್ಚೆ. ಹೆಸರು ಬದಲಾದರೆ ಜಮೀನಿನ ಬೆಲೆ ಎಷ್ಟು ಏರೀತು, ಕೈಗಾರಿಕೆಗಳು ಬಂದಾವೆ, ನಿವೇಶನ ಈಗಲೇ ಕೊಳ್ಳುವುದು ಲೇಸೇ ಎಂಬ ಪ್ರಶ್ನೆಗಳು. ಪರ-ವಿರೋಧದ ಆ ಎಲ್ಲ ಮಾತುಗಳ ನಡುವೆ ಆ ಜಿಲ್ಲೆಯ ಅತಿ ಹಳೆಯ ನಿವಾಸಿಗಳ ಪ್ರಸ್ತಾಪ ಮಾತ್ರ ಬರಲಿಲ್ಲ. ರಾಮದೇವರ ಬೆಟ್ಟದ ಕಡಿದಾದ ಬಂಡೆಗಳ ಮೇಲೆ ಗೂಡು ಕಟ್ಟುವ ಉದ್ದ ಕೊಕ್ಕಿನ ರಣಹದ್ದುಗಳು ಇಂದು ಬೆರಳೆಣಿಕೆಯಷ್ಟೇ ಉಳಿದಿವೆ. ಜಯನಗರದಿಂದ ಅಲ್ಲಿಗೆ ಸುಮಾರು 50 ಕಿಲೋಮೀಟರ್. ನಮ್ಮಲ್ಲಿ ಬಹುಮಂದಿಗೆ ಆ ಬೆಟ್ಟ ಗೊತ್ತಿರುವುದು 1975ರಲ್ಲಿ ಬಿಡುಗಡೆಯಾದ ‘ಶೋಲೆ’ ಚಿತ್ರದ ತಾಣವಾಗಿ ಮಾತ್ರ.

ಈ ಬೆಟ್ಟವನ್ನು ರಾಜ್ಯ ಸರ್ಕಾರ 2012ರಲ್ಲಿ ರಣಹದ್ದು ಧಾಮವೆಂದು ಘೋಷಿಸಿತು. ಸುಮಾರು 346 ಹೆಕ್ಟೇರ್ ವಿಸ್ತಾರದ ಇದು ರಣಹದ್ದುಗಳಿಗಾಗಿಯೇ ಮೀಸಲಾದ ದೇಶದ ಮೊದಲ ಧಾಮವೆಂಬ ಹೆಗ್ಗಳಿಕೆಗೆ ಪಾತ್ರವಾಗಿದೆ. ಸರ್ಕಾರ ಮಾಡಿದ್ದು ಒಳ್ಳೆಯ ಕೆಲಸವೇ. ಆದರೆ ಧಾಮ ಘೋಷಣೆಯಾದ ಮೇಲೂ ಹಕ್ಕಿಗಳ ಸಂಖ್ಯೆ ಚೇತರಿಸಿಕೊಳ್ಳಲಿಲ್ಲ. ಏಕೆ ಎಂಬ ಪ್ರಶ್ನೆ ಕೇವಲ ಪಕ್ಷಿಪ್ರಿಯರದಲ್ಲ. ಅದು ಆಡಳಿತದ ಪ್ರಶ್ನೆ, ಸಾರ್ವಜನಿಕ ಆರೋಗ್ಯದ ಪ್ರಶ್ನೆ ಮತ್ತು ಅರ್ಥಶಾಸ್ತ್ರದ ಪ್ರಶ್ನೆಯೂ ಹೌದು.

1980ರ ದಶಕದ ನಡುವಿನಲ್ಲಿ ನಾನು ತರಬೇತಿ ಅಧಿಕಾರಿಯಾಗಿ ಒಣಭೂಮಿಯ ತಾಲ್ಲೂಕೊಂದರಲ್ಲಿದ್ದಾಗ, ಊರಾಚೆಯ ಬಯಲಿನಲ್ಲಿ ಸತ್ತ ಎತ್ತಿನ ಸುತ್ತ ಹತ್ತಾರು ರಣಹದ್ದುಗಳು ನೆರೆದಿದ್ದುದನ್ನು ಕಂಡಿದ್ದೇನೆ. ಚರ್ಮ ಸುಲಿಯುವವರು ತಮ್ಮ ಕೆಲಸ ಮುಗಿಸಿ ಹೋದ ಮೇಲೆ ಹಕ್ಕಿಗಳು ಇಳಿಯುತ್ತಿದ್ದವು. ನಾವು ಪಕ್ಕದ ಗ್ರಾಮದ ತಪಾಸಣೆ ಮುಗಿಸಿ ಅದೇ ದಾರಿಯಲ್ಲಿ ಮರಳುವ ವೇಳೆಗೆ ಅಲ್ಲಿ ಎಲುಬು ಮಾತ್ರ ಉಳಿದಿತ್ತು. ಮೂಳೆ ಆಯುವವರು ಅದನ್ನೂ ಒಯ್ಯುತ್ತಿದ್ದರು. ಅಂದು ಆ ದೃಶ್ಯ ಅಸಹ್ಯವೆನಿಸಿ ನಾನು ಜೀಪಿನ ಪರದೆ ಇಳಿಸಿಕೊಂಡೆ. ಒಂದು ಪೈಸೆ ಖರ್ಚಿಲ್ಲದೆ, ಒಬ್ಬ ನೌಕರನ ಹುದ್ದೆಯೂ ಮಂಜೂರಾಗದೆ, ನಿತ್ಯ ನಡೆಯುತ್ತಿದ್ದ ನೈರ್ಮಲ್ಯ ವ್ಯವಸ್ಥೆಯೊಂದನ್ನು ನೋಡುತ್ತಿದ್ದೇನೆಂಬ ಅರಿವು ಆಗ ಇರಲಿಲ್ಲ. ಹತ್ತು ಹದಿನೈದು ವರ್ಷಗಳಲ್ಲಿ ಆ ವ್ಯವಸ್ಥೆಯೇ ಮಾಯವಾಯಿತು.

ಭಾರತದಲ್ಲಿ ಒಂದು ಕಾಲಕ್ಕೆ ಸುಮಾರು 4 ಕೋಟಿ ರಣಹದ್ದುಗಳಿದ್ದವೆಂಬ ಅಂದಾಜಿದೆ. 1990ರ ದಶಕದ ಕೊನೆಯಲ್ಲಿ ರಾಜಸ್ಥಾನದ ಭರತಪುರದ ಪಕ್ಷಿಧಾಮದಲ್ಲಿ ಅವು ಒಂದೊಂದಾಗಿ ಮರದಿಂದ ಬಿದ್ದು ಸಾಯುತ್ತಿರುವುದನ್ನು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ವಿಜ್ಞಾನಿಗಳು ಗಮನಿಸಿದರು. ಮುಂದೆ ನಡೆದ ಸಮೀಕ್ಷೆಗಳ ಪ್ರಕಾರ 1992 ಮತ್ತು 2007ರ ನಡುವೆ ಬಿಳಿಬೆನ್ನಿನ ರಣಹದ್ದುಗಳು ಶೇ 99.9ರಷ್ಟು, ಉದ್ದ ಕೊಕ್ಕಿನ ಹಾಗೂ ಸಪೂರ ಕೊಕ್ಕಿನ ರಣಹದ್ದುಗಳು ಒಟ್ಟಾಗಿ ಸುಮಾರು ಶೇ 97ರಷ್ಟು ಕುಸಿದವು. ಇಷ್ಟು ವಿಶಾಲ ನೆಲೆಯಲ್ಲಿ ಹರಡಿದ್ದ ಹಕ್ಕಿಯೊಂದು ಇಷ್ಟು ಶೀಘ್ರವಾಗಿ ನಶಿಸಿದ ನಿದರ್ಶನಗಳು ಪಕ್ಷಿಶಾಸ್ತ್ರದ ಇತಿಹಾಸದಲ್ಲೇ ವಿರಳ. 2000ದಲ್ಲಿ ಈ ಮೂರೂ ಪ್ರಭೇದಗಳು ಅಂತರರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ತೀವ್ರ ಅಪಾಯದಂಚಿನ ವರ್ಗಕ್ಕೆ ಸೇರಿದವು.

ಬೇಟೆಯಾಗಲಿ, ಕಾಡಿನ ನಾಶವಾಗಲಿ ಇದಕ್ಕೆ ಕಾರಣವಾಗಿರಲಿಲ್ಲ. ಪಾಕಿಸ್ತಾನದಲ್ಲಿ ಸತ್ತ ಹಕ್ಕಿಗಳನ್ನು ಪರೀಕ್ಷಿಸಿದ ವಿಜ್ಞಾನಿ ಲಿಂಡ್ಸೆ ಓಕ್ಸ್ ಮತ್ತು ಸಂಗಡಿಗರು 2004ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಕಾರಣವನ್ನು ಪ್ರಕಟಿಸಿದರು. ಮನುಷ್ಯರ ಮಂಡಿನೋವಿಗೆ ಬಳಸುವ ಡೈಕ್ಲೊಫೆನಾಕ್ ಎಂಬ ಅಗ್ಗದ ನೋವು ನಿವಾರಕವನ್ನು 1990ರ ದಶಕದಲ್ಲಿ ದನಕರುಗಳಿಗೂ ಕೊಡತೊಡಗಿದ್ದರು. ಔಷಧ ಪಡೆದು ಸ್ವಲ್ಪದರಲ್ಲೇ ಸತ್ತ ದನವನ್ನು ತಿಂದ ರಣಹದ್ದಿನ ಮೂತ್ರಪಿಂಡಗಳು ಕೆಲವೇ ದಿನಗಳಲ್ಲಿ ನಿಷ್ಕ್ರಿಯಗೊಂಡು, ಯೂರಿಕ್ ಆಮ್ಲ ಒಳಾಂಗಗಳ ಮೇಲೆ ಸುಣ್ಣದಂತೆ ಮೆತ್ತಿಕೊಳ್ಳುತ್ತಿತ್ತು. ನೂರು ಕಳೇಬರಗಳಲ್ಲಿ ಒಂದಕ್ಕಿಂತ ಕಡಿಮೆ ಪ್ರಮಾಣದಲ್ಲಿ ಔಷಧವಿದ್ದರೂ ಈ ಮಟ್ಟದ ಕುಸಿತಕ್ಕೆ ಅದು ಸಾಕೆಂದು ನಂತರದ ಲೆಕ್ಕಾಚಾರಗಳು ತೋರಿಸಿದವು. ಒಂದೇ ಕಳೇಬರಕ್ಕೆ ಹತ್ತಾರು ಹಕ್ಕಿಗಳು ಎರಗುವುದರಿಂದ ಇದು ಆಶ್ಚರ್ಯದ ಸಂಗತಿಯಲ್ಲ. ಇದರ ಜೊತೆಗೆ ರಣಹದ್ದು ವರ್ಷಕ್ಕೆ ಇಡುವುದು ಒಂದೇ ಮೊಟ್ಟೆ; ಮರಿ ಪ್ರೌಢಾವಸ್ಥೆಗೆ ಬರಲು ಸುಮಾರು ಐದು ವರ್ಷ ಬೇಕು. ನಷ್ಟ ತಿಂಗಳುಗಳಲ್ಲಿ ಆಗುತ್ತದೆ, ಭರ್ತಿ ದಶಕಗಳಲ್ಲಿ.

ಇಲ್ಲಿ ನನ್ನದೊಂದು ತಪ್ಪೊಪ್ಪಿಗೆಯಿದೆ. 1990ರ ದಶಕದಲ್ಲಿ ಜಿಲ್ಲೆಯೊಂದರಲ್ಲಿ ಕೆಲಸ ಮಾಡುತ್ತಿದ್ದಾಗ ಪಶು ಔಷಧಗಳ ಖರೀದಿ ಸಮಿತಿಯ ಸಭೆಗಳಲ್ಲಿ ಕುಳಿತಿದ್ದೇನೆ. ದರಪಟ್ಟಿಗಳ ತುಲನಾತ್ಮಕ ತಖ್ತೆ ಮುಂದೆ ಬರುತ್ತಿತ್ತು. ಕನಿಷ್ಠ ದರ ನಮೂದಿಸಿದವರ ಹೆಸರಿನ ಮುಂದೆ ಗುರುತು ಹಾಕಿ ಸಹಿ ಮಾಡುತ್ತಿದ್ದೆವು. ಔಷಧ ದನಕ್ಕೆ ಗುಣಕಾರಿಯೇ, ದರ ಕಡಿಮೆಯೇ ಎಂಬ ಎರಡೇ ಪ್ರಶ್ನೆ. ದನ ಬದುಕದಿದ್ದರೆ ಅದನ್ನು ತಿನ್ನುವವರ ಗತಿಯೇನು ಎಂಬ ಮೂರನೆಯ ಪ್ರಶ್ನೆಗೆ ತಖ್ತೆಯಲ್ಲಿ ಕಾಲಂ ಇರಲಿಲ್ಲ. ಲೆಕ್ಕಪರಿಶೋಧಕರು ಆ ಖರೀದಿಗೆ ಯಾವ ಆಕ್ಷೇಪಣೆಯನ್ನೂ ಎತ್ತಲಿಲ್ಲ. ನಿಯಮದಂತೆ ಎಲ್ಲವೂ ಸರಿಯಾಗಿತ್ತು. ಆಗ ಯಾರಿಗೂ ಈ ವಿಷಯ ಗೊತ್ತಿರಲಿಲ್ಲ ಎಂಬುದು ಸಮಾಧಾನ. ಗೊತ್ತಾದ ಮೇಲೂ ಆ ಕಾಲಂ ಸೇರಲಿಲ್ಲ ಎಂಬುದು ಸಮಸ್ಯೆ.

ಅರ್ಥಶಾಸ್ತ್ರದ ಸ್ನಾತಕೋತ್ತರ ತರಗತಿಯಲ್ಲಿ ನಮಗೆ ಪಿಗು ಎಂಬ ಆಂಗ್ಲ ಅರ್ಥಶಾಸ್ತ್ರಜ್ಞನ ಸಿದ್ಧಾಂತ ಪಾಠವಾಗಿತ್ತು. ಕೊಳ್ಳುವವನಿಗೂ ಮಾರುವವನಿಗೂ ಸಂಬಂಧವಿಲ್ಲದ ಮೂರನೆಯವನ ಮೇಲೆ ಬೀಳುವ ವೆಚ್ಚ ಬೆಲೆಯಲ್ಲಿ ಪ್ರತಿಫಲಿಸುವುದಿಲ್ಲ, ಆದ್ದರಿಂದ ಮಾರುಕಟ್ಟೆ ಅಂಥ ಸರಕನ್ನು ಅಗತ್ಯಕ್ಕಿಂತ ಹೆಚ್ಚು ಬಳಸುತ್ತದೆ ಎಂಬುದು ಅದರ ಸಾರ. ಕಾರ್ಖಾನೆಯ ಹೊಗೆ, ಅದರ ಪಕ್ಕದಲ್ಲಿ ಒಣಹಾಕಿದ ಅಗಸರವನ ಬಟ್ಟೆ ಎಂಬುದು ಪಠ್ಯದ ಉದಾಹರಣೆ. ಡೈಕ್ಲೊಫೆನಾಕ್ ಪ್ರಕರಣ ಅದಕ್ಕಿಂತ ಬಹಳ ದೊಡ್ಡ ಉದಾಹರಣೆ ಎಂಬುದು ಈಚಿನ ಅಧ್ಯಯನಗಳಿಂದ ಸ್ಪಷ್ಟವಾಗಿದೆ.

ರಣಹದ್ದುಗಳು ಹೋದ ಮೇಲೆ ಕಳೇಬರಗಳು ಕೊಳೆತವು. ಹಳ್ಳ-ಕೆರೆಗಳಿಗೆ ಸೋಂಕು ಸೇರಿತು. ತೆರವಾದ ಆಹಾರ ನಾಯಿಗಳ ಪಾಲಾಗಿ, ಅವುಗಳ ಸಂಖ್ಯೆಯೂ ಅವುಗಳೊಂದಿಗೆ ರೇಬೀಸ್ ಭೀತಿಯೂ ಬೆಳೆದವು. ರಣಹದ್ದಿನ ಜಠರದ ತೀಕ್ಷ್ಣ ಆಮ್ಲ ರೋಗಾಣುಗಳನ್ನು ಕೊಲ್ಲುತ್ತದೆ. ನಾಯಿ ಅವನ್ನು ಊರೊಳಗೆ ಹೊತ್ತು ತರುತ್ತದೆ. ಅನಿಲ್ ಮಾರ್ಕಂಡೇಯ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ ಅಧ್ಯಯನವು 1992-2006ರ ಅವಧಿಯಲ್ಲಿ ನಾಯಿಗಳ ಹೆಚ್ಚಳದಿಂದ ಸುಮಾರು 48 ಸಾವಿರ ಹೆಚ್ಚುವರಿ ರೇಬೀಸ್ ಸಾವುಗಳು ಸಂಭವಿಸಿರಬಹುದೆಂದೂ ಒಟ್ಟು ನಷ್ಟ ಸುಮಾರು 3,400 ಕೋಟಿ ಡಾಲರ್ ಎಂದೂ ಅಂದಾಜಿಸಿತು.

ಇದಕ್ಕಿಂತ ಆಘಾತಕಾರಿಯಾದುದು ಷಿಕಾಗೊ ವಿಶ್ವವಿದ್ಯಾಲಯದ ಎಯಾಲ್ ಫ್ರಾಂಕ್ ಮತ್ತು ವಾರ್ವಿಕ್ ವಿಶ್ವವಿದ್ಯಾಲಯದ ಅನಂತ್ ಸುದರ್ಶನ್ ಅವರ ಅಧ್ಯಯನ. ‘ಅಮೆರಿಕನ್ ಎಕನಾಮಿಕ್ ರಿವ್ಯೂ’ ಪತ್ರಿಕೆ ಸ್ವೀಕರಿಸಿದ ಈ ಪ್ರಬಂಧದ ವಿಧಾನ ಸರಳ. ಹಿಂದೆ ರಣಹದ್ದುಗಳಿಗೆ ಹೆಚ್ಚು ಸೂಕ್ತವಾಗಿದ್ದ ಜಿಲ್ಲೆಗಳನ್ನೂ ಅವು ಮೊದಲೇ ವಿರಳವಾಗಿದ್ದ ಜಿಲ್ಲೆಗಳನ್ನೂ ಅವರು ಪ್ರತ್ಯೇಕಿಸಿದರು. ಅಗ್ಗದ ಔಷಧ ಮಾರುಕಟ್ಟೆಗೆ ಬಂದ 1994ರ ಹಿಂದೆ ಮತ್ತು ಮುಂದೆ ಎರಡೂ ಗುಂಪುಗಳ ಮರಣ ಪ್ರಮಾಣವನ್ನು ಹೋಲಿಸಿದರು. ಮೊದಲ ಗುಂಪಿನಲ್ಲಿ ಮರಣ ಪ್ರಮಾಣ ಶೇ 4ಕ್ಕಿಂತ ಹೆಚ್ಚು ಏರಿತ್ತು. 2000ದಿಂದ 2005ರವರೆಗಿನ ಅವಧಿಯಲ್ಲೇ ಸುಮಾರು 5 ಲಕ್ಷ ಹೆಚ್ಚುವರಿ ಸಾವುಗಳು; ವಾರ್ಷಿಕ ನಷ್ಟ ಸುಮಾರು 6,900 ಕೋಟಿ ಡಾಲರ್. ಇಂಥ ಅಂದಾಜುಗಳಲ್ಲಿ ಊಹೆಗಳು ಇದ್ದೇ ಇರುತ್ತವೆ; ಜೀವಕ್ಕೆ ಬೆಲೆ ಕಟ್ಟುವ ಕ್ರಮವನ್ನು ಒಪ್ಪದವರೂ ಇದ್ದಾರೆ. ಅಂಕಿಯನ್ನು ಅರ್ಧಕ್ಕಿಳಿಸಿ, ಅದನ್ನು ಮತ್ತೆ ಅರ್ಧಕ್ಕಿಳಿಸಿದರೂ ಉಳಿಯುವ ಮೊತ್ತ ಪಶು ಔಷಧವೊಂದರ ಬೆಲೆಯಲ್ಲಿ ರೈತರಿಗೂ ಸರ್ಕಾರಕ್ಕೂ ಆದ ಉಳಿತಾಯಕ್ಕೆ ಹೋಲಿಸಲಾಗದಷ್ಟು ದೊಡ್ಡದು.

ಬೀದಿನಾಯಿಗಳ ಸಮಸ್ಯೆ ಕುರಿತು 2025ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ದೆಹಲಿಗೆ ಸಂಬಂಧಿಸಿದಂತೆ ಹೊರಡಿಸಿದ ಆದೇಶ ಮತ್ತು ಅದೇ ತಿಂಗಳು ಅದರಲ್ಲಿ ಮಾಡಿದ ಮಾರ್ಪಾಡು ದೇಶದಾದ್ಯಂತ ಬಿಸಿ ಚರ್ಚೆಗೆ ಕಾರಣವಾದವು. ನಮ್ಮ ಬಡಾವಣೆಗಳಲ್ಲೂ ನಾಯಿಗೆ ಅನ್ನ ಹಾಕುವವರು, ಹಾಕಬಾರದೆನ್ನುವವರು ಎಂಬ ಎರಡು ಬಣಗಳಾದವು. ನಗರದ ನಾಯಿಗಳ ಹೆಚ್ಚಳಕ್ಕೆ ಕಸ ವಿಲೇವಾರಿಯ ವೈಫಲ್ಯವೇ ಮುಖ್ಯ ಕಾರಣವೆಂಬುದು ನಿಜ. ಎಲ್ಲ ಹೊಣೆಯನ್ನೂ ರಣಹದ್ದಿನ ಅಳಿವಿನ ಮೇಲೆ ಹೊರಿಸುವುದು ಅತಿಶಯೋಕ್ತಿಯಾದೀತು. ಆದರೆ ಗ್ರಾಮಾಂತರದಲ್ಲಿ ಈ ಎರಡರ ನಂಟು ಸ್ಪಷ್ಟವಿದೆ. ಸಂತಾನಶಕ್ತಿಹರಣಕ್ಕೆ, ಲಸಿಕೆಗೆ, ಆಶ್ರಯತಾಣಗಳಿಗೆ ಅನುದಾನ ಕೇಳುವ ಸ್ಥಳೀಯ ಸಂಸ್ಥೆಗಳು ಒಂದು ಕಾಲಕ್ಕೆ ಪುಕ್ಕಟೆಯಾಗಿ ದೊರೆಯುತ್ತಿದ್ದ ಸೇವೆಯ ಬದಲಿಗೆ ಈ ಹಣ ತೆರುತ್ತಿವೆ ಎಂಬುದನ್ನು ಯಾರೂ ನೆನೆಯುವುದಿಲ್ಲ.

ಸರ್ಕಾರಗಳು ಕೈಕಟ್ಟಿ ಕುಳಿತಿದ್ದವೆಂದು ಹೇಳಲಾಗದು. ಕಾರಣ ತಿಳಿದ ಎರಡೇ ವರ್ಷಗಳಲ್ಲಿ, ಅಂದರೆ 2006ರಲ್ಲಿ, ಕೇಂದ್ರವು ಪಶುಗಳಿಗಾಗಿ ಡೈಕ್ಲೊಫೆನಾಕ್ ತಯಾರಿಸುವುದನ್ನು ನಿಷೇಧಿಸಿತು. ನಮ್ಮ ಆಡಳಿತದ ಮಟ್ಟಿಗೆ ಇದು ಅಪರೂಪದ ವೇಗ. ಆದರೆ ಮನುಷ್ಯರ ಬಳಕೆಯ ಔಷಧ ದೊಡ್ಡ ಸೀಸೆಗಳಲ್ಲಿ ದೊರೆಯುತ್ತಲೇ ಇತ್ತು. ಅದನ್ನೇ ದನಗಳಿಗೆ ಚುಚ್ಚುತ್ತಿದ್ದರು. ಮನುಷ್ಯನಿಗೆ ಒಂದು ಸಲಕ್ಕೆ 3 ಮಿಲಿಲೀಟರ್ ಸಾಕು. ಹಾಗಿದ್ದ ಮೇಲೆ ದೊಡ್ಡ ಸೀಸೆ ಯಾರಿಗಾಗಿ ಎಂಬ ಸಾಮಾನ್ಯ ಪ್ರಶ್ನೆಗೆ ಉತ್ತರ ದೊರೆತು, ಒಂದೇ ಡೋಸಿನ ಸೀಸೆ ಮಾತ್ರ ಇರಬೇಕೆಂಬ ಆದೇಶ ಹೊರಬಿದ್ದದ್ದು 2015ರಲ್ಲಿ. ತಯಾರಕರು ಅದನ್ನೂ ನ್ಯಾಯಾಲಯದಲ್ಲಿ ಪ್ರಶ್ನಿಸಿದರು. 2017ರಲ್ಲಿ ಮದ್ರಾಸ್ ಹೈಕೋರ್ಟ್ ಆದೇಶವನ್ನು ಎತ್ತಿಹಿಡಿಯಿತು.

ಈ ನಡುವೆ ಮಾರುಕಟ್ಟೆ ಬೇರೆ ದಾರಿ ಹಿಡಿದಿತ್ತು. ಡೈಕ್ಲೊಫೆನಾಕ್ ಬದಲಿಗೆ ಕೀಟೊಪ್ರೊಫೆನ್, ಆಸಿಕ್ಲೊಫೆನಾಕ್, ನಿಮೆಸುಲೈಡ್ ಬಂದವು. ಕೀಟೊಪ್ರೊಫೆನ್ ಕೂಡ ರಣಹದ್ದಿಗೆ ಮಾರಕವೆಂಬುದು 2010ರ ಹೊತ್ತಿಗೇ ಪ್ರಯೋಗಗಳಿಂದ ತಿಳಿದಿತ್ತು. ಆಸಿಕ್ಲೊಫೆನಾಕ್ ದನದ ದೇಹದೊಳಗೆ ಹೊಕ್ಕ ಮೇಲೆ ಡೈಕ್ಲೊಫೆನಾಕ್ ಆಗಿಯೇ ಮಾರ್ಪಡುತ್ತದೆ. ಅಂದರೆ ನಿಷೇಧಿತ ವಸ್ತು ಬೇರೆ ಹೆಸರಿನಲ್ಲಿ ಕಾನೂನುಬದ್ಧವಾಗಿ ಮಾರಾಟವಾಗುತ್ತಿತ್ತು. ನೆರೆಯ ಬಾಂಗ್ಲಾದೇಶ 2021ರಲ್ಲೇ ಕೀಟೊಪ್ರೊಫೆನ್ ನಿಷೇಧಿಸಿತು. ನಮ್ಮಲ್ಲಿ ಕೀಟೊಪ್ರೊಫೆನ್ ಮತ್ತು ಆಸಿಕ್ಲೊಫೆನಾಕ್‌ಗಳ ಪಶು ಬಳಕೆಗೆ ತಡೆ ಬಿದ್ದದ್ದು 2023ರ ಜುಲೈ ಕೊನೆಯಲ್ಲಿ, ನಿಮೆಸುಲೈಡ್‌ಗೆ 2024ರ ಡಿಸೆಂಬರ್ ಕೊನೆಯಲ್ಲಿ. ಮೊದಲ ನಿಷೇಧಕ್ಕೂ ಎರಡನೆಯದಕ್ಕೂ ನಡುವೆ 17 ವರ್ಷ. ರಣಹದ್ದಿನ ಮೂರು ತಲೆಮಾರುಗಳಷ್ಟು ಕಾಲ ಅದು. ಇತರ ಕೆಲವು ನೋವು ನಿವಾರಕಗಳ ಬಗೆಗೂ ತಜ್ಞರು ಎಚ್ಚರಿಸುತ್ತಿದ್ದಾರೆ. ಇನ್ನೊಂದೆಡೆ ಮೆಲಾಕ್ಸಿಕ್ಯಾಮ್ ರಣಹದ್ದಿಗೆ ನಿರಪಾಯಕಾರಿ, ದನಕ್ಕೆ ಗುಣಕಾರಿ ಎಂಬುದು 2006ರಿಂದಲೂ ತಿಳಿದಿದೆ. ಮೊದಲಿಗೆ ಅದರ ಬೆಲೆ ಹೆಚ್ಚಿತ್ತು. ಬಳಕೆ ವಿಸ್ತರಿಸಿದಂತೆ ಇಳಿಯಿತು. ಆದ್ದರಿಂದ ರೈತನ ಹಿತ ಮತ್ತು ಹಕ್ಕಿಯ ಹಿತ ಪರಸ್ಪರ ವಿರೋಧಿಗಳೆಂಬ ವಾದದಲ್ಲಿ ಹುರುಳಿಲ್ಲ.

ದೋಷ ಇರುವುದು ವಿಧಾನದಲ್ಲಿ. ಒಂದು ಔಷಧ ಮಾರುಕಟ್ಟೆಗೆ ಬರುತ್ತದೆ, ಹಕ್ಕಿಗಳು ಸಾಯುತ್ತವೆ, ವಿಜ್ಞಾನಿಗಳು ಸಾಕ್ಷ್ಯ ಕೂಡಿಸುತ್ತಾರೆ, ಸಮಿತಿ ರಚನೆಯಾಗುತ್ತದೆ, ಹತ್ತು ವರ್ಷದ ಮೇಲೆ ನಿಷೇಧ ಬರುತ್ತದೆ. ಅಷ್ಟರಲ್ಲಿ ಮುಂದಿನ ಔಷಧ ಅಂಗಡಿ ಸೇರಿರುತ್ತದೆ. ರುಜುವಾತಿನ ಹೊಣೆ ತಯಾರಕನ ಮೇಲಿರಬೇಕೇ ಹೊರತು ಹಕ್ಕಿಯ ಮೇಲಲ್ಲ. ದನಗಳಿಗೆ ಕೊಡುವ ಯಾವುದೇ ನೋವು ನಿವಾರಕ ರಣಹದ್ದಿಗೆ ಸುರಕ್ಷಿತವೆಂದು ಮೊದಲು ಸಾಬೀತಾಗಲಿ, ಆಮೇಲೆ ಪರವಾನಗಿ ದೊರೆಯಲಿ. ಹೊಸ ಔಷಧ ದನಕ್ಕೆ ಸುರಕ್ಷಿತವೇ ಎಂದು ಈಗಲೂ ಪರೀಕ್ಷಿಸಿಯೇ ಅನುಮತಿ ಕೊಡುತ್ತೇವೆ. ಅದಕ್ಕೆ ಒಂದು ಪರೀಕ್ಷೆಯನ್ನು ಸೇರಿಸುವುದು ಅಸಾಧ್ಯದ ಮಾತಲ್ಲ.

ಇನ್ನು ರಾಮದೇವರ ಬೆಟ್ಟದ ವಿಚಾರ. ಅಲ್ಲಿ ನಾವು ಕಾಪಾಡಿರುವುದು ರಣಹದ್ದಿನ ಮಲಗುವ ಕೋಣೆಯನ್ನು. ಅದರ ಊಟದ ಎಲೆ ಬೇಲಿಯ ಹೊರಗಿದೆ. ಆಹಾರ ಅರಸಿ ರಣಹದ್ದು ದಿನವೊಂದಕ್ಕೆ ಹತ್ತಾರು ಕಿಲೋಮೀಟರ್ ಹಾರುತ್ತದೆ. ರಣಹದ್ದು ಸುರಕ್ಷಿತ ವಲಯವೆಂದರೆ 100 ಕಿಲೋಮೀಟರ್ ತ್ರಿಜ್ಯದೊಳಗೆ ವಿಷಕಾರಿ ಔಷಧಗಳಿಲ್ಲದ ಪ್ರದೇಶ ಎಂದು ತಜ್ಞರು ನಿರೂಪಿಸಿರುವುದು ಇದಕ್ಕಾಗಿಯೇ. ರಾಮನಗರವನ್ನು ಕೇಂದ್ರವಾಗಿಟ್ಟು ಅಂಥ ವೃತ್ತ ಎಳೆದರೆ ಇಡೀ ಬೆಂಗಳೂರು, ಮಂಡ್ಯ, ತುಮಕೂರಿನ ಬಹುಭಾಗ, ಮೈಸೂರಿನ ಒಂದಿಷ್ಟು ಭಾಗ ಹಾಗೂ ಗಡಿಯಾಚೆಯ ಹೊಸೂರಿನ ಸುತ್ತಣ ಪ್ರದೇಶ ಅದರೊಳಗೆ ಬರುತ್ತವೆ. ಈ ವೃತ್ತದ ಸುಮಾರು 31 ಸಾವಿರ ಚದರ ಕಿಲೋಮೀಟರ್‌ನ ಮುಂದೆ ಧಾಮದ ಮೂರೂವರೆ ಚದರ ಕಿಲೋಮೀಟರ್ ಎಷ್ಟರದು? ಅರಣ್ಯ ಇಲಾಖೆ ಎಷ್ಟೇ ನಿಷ್ಠೆಯಿಂದ ಬೆಟ್ಟ ಕಾದರೂ ವೃತ್ತದ ಉಳಿದ ಭಾಗ ಅದರ ಅಧಿಕಾರದ ಹೊರಗಿದೆ. ಅಲ್ಲಿ ನಿರ್ಣಾಯಕವಾಗುವುದು ಪಶುಸಂಗೋಪನಾ ಇಲಾಖೆ, ಔಷಧ ನಿಯಂತ್ರಣ ಇಲಾಖೆ ಮತ್ತು ಹಾಲು ಒಕ್ಕೂಟಗಳು.

ಹಾಲು ಒಕ್ಕೂಟಗಳ ಪಾತ್ರವನ್ನು ವಿಶೇಷವಾಗಿ ಹೇಳಬೇಕು. ಬೆಂಗಳೂರು ಹಾಲು ಒಕ್ಕೂಟದ ವ್ಯಾಪ್ತಿಯಲ್ಲಿ ಬೆಂಗಳೂರು ನಗರ, ಗ್ರಾಮಾಂತರ ಹಾಗೂ ರಾಮನಗರ ಪ್ರದೇಶಗಳು ಸೇರಿವೆ. ಹಳ್ಳಿ ಹಳ್ಳಿಯ ಸಹಕಾರ ಸಂಘದ ಮೂಲಕ ರೈತನ ಕೊಟ್ಟಿಗೆಯವರೆಗೆ ತಲುಪುವ ಇಂಥ ಜಾಲ ಯಾವ ಸರ್ಕಾರಿ ಇಲಾಖೆಗೂ ಇಲ್ಲ. ಒಕ್ಕೂಟಗಳ ಔಷಧ ಖರೀದಿ ಪಟ್ಟಿಯಲ್ಲಿ ರಣಹದ್ದಿಗೆ ಸುರಕ್ಷಿತವೆಂದು ಸಾಬೀತಾದ ನೋವು ನಿವಾರಕಗಳಷ್ಟೇ ಇರುವಂತೆ ಒಂದು ನಿರ್ಣಯ ಅಂಗೀಕರಿಸಿದರೆ ಅದರ ಪರಿಣಾಮ ಹತ್ತು ಜಾಗೃತಿ ಜಾಥಾಗಳಿಗಿಂತ ಹೆಚ್ಚಿನದು. ಅಂಗಡಿಗಳ ಮೇಲಿನ ನಿಗಾವನ್ನು ವರ್ಷಕ್ಕೆರಡು ಬಾರಿ ಗ್ರಾಹಕರ ಸೋಗಿನಲ್ಲಿ ಪರೀಕ್ಷಿಸಿ, ಫಲಿತಾಂಶವನ್ನು ಪ್ರಕಟಿಸಬೇಕು. ಪ್ರಕಟವಾಗದ ತಪಾಸಣೆ ಕಡತದಲ್ಲೇ ಉಳಿಯುತ್ತದೆ ಎಂಬುದು ನನ್ನ ಸೇವಾವಧಿಯ ಅನುಭವ.

ಎರಡನೆಯ ಅಪಾಯ ವಿಷಪ್ರಾಶನ. 2025ರ ಜೂನ್‌ನಲ್ಲಿ ಮಲೆ ಮಹದೇಶ್ವರ ಬೆಟ್ಟದ ಹೂಗ್ಯಂ ವಲಯದಲ್ಲಿ ಒಂದು ತಾಯಿ ಹುಲಿ ಮತ್ತು ನಾಲ್ಕು ಮರಿಗಳು ವಿಷ ಬೆರೆಸಿದ ಹಸುವಿನ ಕಳೇಬರ ತಿಂದು ಸತ್ತ ಸುದ್ದಿ ನಾಡನ್ನೇ ಕಲಕಿತು. ಹುಲಿ ಸತ್ತದ್ದರಿಂದ ಅದು ಸುದ್ದಿಯಾಯಿತು. ಅಂಥ ಕಳೇಬರಕ್ಕೆ ರಣಹದ್ದುಗಳು ಇಳಿದಿದ್ದರೆ ಒಂದೇ ದಿನದಲ್ಲಿ ಇಡೀ ಹಿಂಡು ಅಳಿಯುತ್ತಿತ್ತು. ದನ ಕಳೆದುಕೊಂಡ ರೈತನ ಸಿಟ್ಟನ್ನು ಕಾನೂನಿನ ಭಯವೊಂದರಿಂದ ತಣಿಸಲಾಗದು. ಪರಿಹಾರದ ಹಣ ಬರುವಷ್ಟರಲ್ಲಿ ಆತ ಇನ್ನೊಂದು ಹಸುವಿಗೆ ಸಾಲ ಮಾಡಿರುತ್ತಾನೆ. ಪರಿಹಾರದ ಮೊತ್ತ ಹೆಚ್ಚಿಸುವುದಕ್ಕಿಂತ ಅದು ವಾರದೊಳಗೆ ಕೈಸೇರುವಂತೆ ಮಾಡುವುದು ಹೆಚ್ಚು ಫಲಕಾರಿ. ತಡವಾಗಿ ಬರುವ ಪರಿಹಾರ ವಿಷದ ಡಬ್ಬಿಗೆ ಪ್ರತಿಸ್ಪರ್ಧಿಯಾಗಲಾರದು.

ಮೂರನೆಯದು ನೆಲದ ಹಸಿವು. ಬೆಂಗಳೂರು-ಮೈಸೂರು ನಡುವಿನ 119 ಕಿಲೋಮೀಟರ್ ಹೆದ್ದಾರಿ 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಮೇಲೆ ರಾಮನಗರ ನಮ್ಮ ಮನೆಯಂಗಳಕ್ಕೇ ಬಂದಂತಾಗಿದೆ. ಅದರೊಂದಿಗೆ ಬಡಾವಣೆ, ವಾರಾಂತ್ಯದ ವಿಹಾರಧಾಮ, ಕಲ್ಲು ಗಣಿ ಎಲ್ಲವೂ ಬೆಟ್ಟಗಳತ್ತ ಸರಿಯುತ್ತಿವೆ. ಇಂಥ ಒತ್ತಡದ ಮುಂದೆ ಕಾಗದದ ಮೇಲಿನ ರಕ್ಷಣಾರೇಖೆ ಹೇಗೆ ಕುಗ್ಗುತ್ತದೆಂಬುದಕ್ಕೆ ದೂರ ಹೋಗಬೇಕಿಲ್ಲ. ಬನ್ನೇರುಘಟ್ಟ ರಾಷ್ಟ್ರೀಯ ಉದ್ಯಾನದ ಸುತ್ತಣ ಪರಿಸರ ಸೂಕ್ಷ್ಮ ವಲಯ 2016ರ ಕರಡು ಅಧಿಸೂಚನೆಯಲ್ಲಿ 268.96 ಚದರ ಕಿಲೋಮೀಟರ್ ಇದ್ದುದು 2020ರ ಅಂತಿಮ ಅಧಿಸೂಚನೆಯಲ್ಲಿ 168.84ಕ್ಕೆ ಇಳಿಯಿತು. ಕೈಬಿಟ್ಟ ಸುಮಾರು 100 ಚದರ ಕಿಲೋಮೀಟರ್‌ನ ಸುತ್ತಮುತ್ತ ನಿವೇಶನ ಹುಡುಕುವವರು ಬೇರಾರೂ ಅಲ್ಲ, ನಮ್ಮ ನೆರೆಹೊರೆಯವರು, ನಾವೇ. ಉಳಿತಾಯದ ಹಣವನ್ನು ಎಲ್ಲಿ ಹೂಡುತ್ತೇವೆಂಬುದು ಖಾಸಗಿ ವಿಚಾರವೆಂದು ತಿಳಿದಿರುವ ಮಧ್ಯಮವರ್ಗ ಈ ಲೆಕ್ಕದಿಂದ ತನ್ನನ್ನು ಹೊರಗಿಟ್ಟುಕೊಳ್ಳಲಾಗದು.

ಕರ್ನಾಟಕ ವನ್ಯಜೀವಿ ರಕ್ಷಣೆಯಲ್ಲಿ ಹಿಂದುಳಿದ ರಾಜ್ಯವಲ್ಲ. 1973ರಲ್ಲಿ ಆರಂಭವಾದ ಹುಲಿ ಯೋಜನೆಯ ಮೊದಲ ಒಂಬತ್ತು ತಾಣಗಳಲ್ಲಿ ಬಂಡೀಪುರವೂ ಒಂದು. 2022ರ ಗಣತಿಯಲ್ಲಿ ರಾಜ್ಯದಲ್ಲಿ 563 ಹುಲಿಗಳಿದ್ದವು. 2023ರಲ್ಲಿ ಎಣಿಸಿದ ಆನೆಗಳ ಸಂಖ್ಯೆ 6,395. ಹಣ, ಸಿಬ್ಬಂದಿ ಮತ್ತು ರಾಜಕೀಯ ಇಚ್ಛಾಶಕ್ತಿ ಒಟ್ಟುಗೂಡಿದರೆ ಏನು ಸಾಧ್ಯವೆಂಬುದಕ್ಕೆ ಇವೇ ಸಾಕ್ಷಿ. ರಣಹದ್ದಿಗೆ ಅಂಥ ಭಾಗ್ಯವಿಲ್ಲ. ಅದರ ಬೋಳು ಕತ್ತು, ಬಾಗಿದ ಕೊಕ್ಕು ಅಂಚೆಚೀಟಿಗೆ ಒಪ್ಪುವುದಿಲ್ಲ. ದುರಾಸೆಯವನನ್ನು ಬಯ್ಯಲು ನಾವು ಅದರ ಹೆಸರನ್ನೇ ಬಳಸುತ್ತೇವೆ. ಜೀವಂತ ಪ್ರಾಣಿಯನ್ನು ಕೊಲ್ಲುವ ಗೋಜಿಗೆ ಹೋಗದೆ ಸತ್ತುದನ್ನಷ್ಟೇ ತಿನ್ನುವ ಹಕ್ಕಿಗೆ ಈ ಅಪವಾದ. ಸೀತೆಗಾಗಿ ರೆಕ್ಕೆ ಕಳೆದುಕೊಂಡ ಜಟಾಯುವಿಗೆ ಶ್ರೀರಾಮ ಮಗನಂತೆ ಅಂತ್ಯಸಂಸ್ಕಾರ ಮಾಡಿದ ಕಥೆಯನ್ನು ಮಕ್ಕಳಿಗೆ ಹೇಳುವ ನಾವು, ರಾಮನ ಹೆಸರಿನ ಬೆಟ್ಟದಲ್ಲೇ ಜಟಾಯುವಿನ ಕುಲ ಕರಗುವುದನ್ನು ನೋಡುತ್ತಿದ್ದೇವೆ.

ಬೆರಳೆಣಿಕೆಯ ಹಕ್ಕಿಗಳಿಗಾಗಿ ಇಷ್ಟೆಲ್ಲ ಏಕೆ ಎಂದು ಕೇಳುವವರಿದ್ದಾರೆ. ಕೇಳುವುದು ತಪ್ಪಲ್ಲ. ಹೋದದ್ದು ಹೋಯಿತು, ಕಳೇಬರಗಳನ್ನು ಹೂಳಿ ಮುಂದುವರಿಯೋಣ ಎಂಬುದು ಅವರ ವಾದ. ಹೂಳುವುದಕ್ಕೂ ನೆಲ, ಯಂತ್ರ, ಕೂಲಿ ಬೇಕು; ಅವು ಪ್ರತಿವರ್ಷದ ವೆಚ್ಚ. ರಣಹದ್ದು ಚೇತರಿಸಿಕೊಳ್ಳಲಾರದೆಂಬುದೂ ನಿಜವಲ್ಲ. ನೇಪಾಳ 2006ರಲ್ಲಿ ಡೈಕ್ಲೊಫೆನಾಕ್ ನಿಷೇಧಿಸಿ, ಅಂಗಡಿಗಳಲ್ಲಿದ್ದ ದಾಸ್ತಾನನ್ನೂ ತೆರವುಗೊಳಿಸಿತು. ಮುದಿ ದನಗಳನ್ನು ಸಾಕಿ, ಸಹಜವಾಗಿ ಸತ್ತ ಮೇಲೆ ಔಷಧರಹಿತ ಕಳೇಬರವನ್ನು ಹಕ್ಕಿಗಳಿಗಿಡುವ ಕೇಂದ್ರಗಳನ್ನು ಗ್ರಾಮಸ್ಥರೇ ನಡೆಸಿದರು. ಅವಕ್ಕೆ ‘ಜಟಾಯು ರೆಸ್ಟೋರೆಂಟ್’ ಎಂದೇ ಹೆಸರು. ಅಲ್ಲಿ ರಣಹದ್ದುಗಳ ಸಂಖ್ಯೆ ಭಾಗಶಃ ಚೇತರಿಸಿಕೊಂಡಿದೆ. ನಮ್ಮಲ್ಲೂ ಆಶೆ ಪೂರ್ತಿ ಬತ್ತಿಲ್ಲ. ಕರ್ನಾಟಕ, ತಮಿಳುನಾಡು, ಕೇರಳ ಒಟ್ಟಾಗಿ ನೀಲಗಿರಿ ಸೀಮೆಯಲ್ಲಿ 2023ರ ಫೆಬ್ರವರಿಯಲ್ಲಿ ನಡೆಸಿದ ಏಕಕಾಲಿಕ ಎಣಿಕೆಯಲ್ಲಿ 246 ರಣಹದ್ದುಗಳು, ಅದೇ ವರ್ಷದ ಡಿಸೆಂಬರ್‌ನಲ್ಲಿ 320 ರಣಹದ್ದುಗಳು ಕಂಡವು. ಹತ್ತು ತಿಂಗಳಲ್ಲಿ ಸಂತತಿ ಅಷ್ಟು ಬೆಳೆಯಲಾರದು. ಎಣಿಕೆಯ ವ್ಯಾಪ್ತಿ ಮತ್ತು ಕ್ರಮ ಸುಧಾರಿಸಿರುವುದೂ ಅದಕ್ಕೆ ಕಾರಣವಿರಬಹುದು. ಆದರೂ ಬೀಜ ಉಳಿದಿದೆ ಎಂಬುದು ಖಚಿತ.

ಕೇಂದ್ರ ಸರ್ಕಾರದ 2020-2025ರ ರಣಹದ್ದು ಸಂರಕ್ಷಣಾ ಕ್ರಿಯಾಯೋಜನೆಯಲ್ಲಿ ಪ್ರತಿ ರಾಜ್ಯದಲ್ಲೂ ಒಂದು ಸುರಕ್ಷಿತ ವಲಯ ಇರಬೇಕೆಂದೂ, ಕರ್ನಾಟಕವೂ ಸೇರಿದಂತೆ ಐದು ರಾಜ್ಯಗಳಲ್ಲಿ ಹೊಸ ಸಂತಾನಾಭಿವೃದ್ಧಿ ಕೇಂದ್ರಗಳು ಬರಬೇಕೆಂದೂ ಹೇಳಲಾಗಿತ್ತು. ಯೋಜನೆಯ ಅವಧಿ ಮುಗಿದಿದೆ. ಮುಂದಿನ ಯೋಜನೆ ಬರೆಯುವ ಮೊದಲು ಹಿಂದಿನದರಲ್ಲಿ ಎಷ್ಟು ನೆರವೇರಿತು ಎಂಬ ವರದಿಯನ್ನು ಜನರ ಮುಂದಿಡುವುದು ಸರ್ಕಾರಗಳ ಕರ್ತವ್ಯ.

ಕ್ರಮವೂ ಮುಖ್ಯ. ಗೂಡಿನಲ್ಲಿ ಬೆಳೆಸಿದ ಹಕ್ಕಿಗಳನ್ನು ಬಿಡುವ ಸಮಾರಂಭದ ಛಾಯಾಚಿತ್ರ ಚೆನ್ನಾಗಿ ಬರುತ್ತದೆ. ಆದರೆ ವಿಷ ತುಂಬಿದ ಬಯಲಿಗೆ ಅವನ್ನು ಬಿಟ್ಟರೆ ಹತ್ತು ವರ್ಷದ ಶ್ರಮ ಹತ್ತು ದಿನದಲ್ಲಿ ಮಣ್ಣುಪಾಲು. ಮೊದಲು ಔಷಧದ ಅಂಗಡಿ, ಆಮೇಲೆ ಕಳೇಬರದ ವ್ಯವಸ್ಥೆ, ಅನಂತರ ಸಂತಾನಾಭಿವೃದ್ಧಿ, ಕೊನೆಗೆ ಬಿಡುಗಡೆ. ನಮ್ಮಲ್ಲಿ ಎಷ್ಟೋ ಯೋಜನೆಗಳು ಈ ಕ್ರಮವನ್ನು ತಲೆಕೆಳಗು ಮಾಡಿದ್ದರಿಂದಲೇ ಸೋತಿವೆ.

ಜಯನಗರದ ನಾಗರಿಕ ಇದರಲ್ಲಿ ಏನು ಮಾಡಬಲ್ಲ? ಬೆಳಿಗ್ಗೆ ಬಾಗಿಲಿಗೆ ಬರುವ ಹಾಲಿನ ಪೊಟ್ಟಣದ ಹಿಂದೆ ಒಂದು ಹಸು, ಅದರ ಹಿಂದೆ ಒಂದು ಔಷಧದ ಸೀಸೆ ಇರುತ್ತದೆಂದು ನೆನೆಯಬಹುದು. ಒಕ್ಕೂಟಕ್ಕೆ, ಶಾಸಕರಿಗೆ ಒಂದು ಪತ್ರ ಬರೆಯಬಹುದು. ಪತ್ರಗಳಿಂದ ಏನಾಗುತ್ತದೆಂದು ನಗುವವರಿಗೆ ಒಂದು ಮಾತು: ಕಚೇರಿಯಲ್ಲಿ ಒಂದೇ ವಿಷಯಕ್ಕೆ ಮೂರು ಪತ್ರ ಬಂದರೆ ಕಡತ ತೆರೆಯುತ್ತದೆ, ಮೂವತ್ತು ಬಂದರೆ ಅದು ಮೇಜಿನಿಂದ ಮೇಜಿಗೆ ಚಲಿಸುತ್ತದೆ. ರಾಮನಗರದ ಬಳಿ ನಿವೇಶನ ನೋಡಲು ಹೋದಾಗ ದಲ್ಲಾಳಿಯನ್ನು ಬೆಲೆಯೊಂದನ್ನೇ ಕೇಳದೆ, ಬೆಟ್ಟ ಎಷ್ಟು ದೂರ, ಗಣಿ ಎಲ್ಲಿ ಎಂದೂ ವಿಚಾರಿಸಬಹುದು.

ಖರೀದಿ ಸಮಿತಿಯ ಆ ತಖ್ತೆಗೆ ಇನ್ನೊಂದು ಕಾಲಂ ಸೇರಿಸಲು ಹೊಸ ಕಾನೂನು ಬೇಕಿಲ್ಲ; ಇಲಾಖೆಯ ಒಂದು ಸುತ್ತೋಲೆ ಸಾಕು. ನಾನು ಸಹಿ ಹಾಕುತ್ತಿದ್ದ ಕಾಲದಲ್ಲಿ ಅದು ಹೊಳೆಯಲಿಲ್ಲ. ಇಂದು ಆ ಕುರ್ಚಿಯಲ್ಲಿ ಕುಳಿತವರಿಗೆ ಗೊತ್ತಿಲ್ಲವೆಂದು ಹೇಳುವ ಅವಕಾಶವಿಲ್ಲ.